ಕತ್ತಿಗೆ ಹತ್ತಿದ ತಾಮ್ರ

ಬಾಯಮ್ಮನವರ ಎಡ ಮಣಿಕಟ್ಟು ಹೊರಕ್ಕೆ ತಿರುಚಿಕೊಂಡಿತ್ತು. ಆ ಕೈಯಲ್ಲಿ ಹಿಡಿದ ಕಾಫಿ ಲೋಟ ಓರೆಯಾಗುತ್ತಿದ್ದುದರಿಂದ ಅರ್ಧ ಲೋಟವಷ್ಟೇ ಹಾಕಿಸಿಕೊಳ್ಳುತ್ತಿದ್ದರು.

ಹಾನುಬಾಳಿನ ಹತ್ತಿರ ನಮ್ಮ ಬೇಲಿಯಾಚೆ ಅವರ ತೋಟ. ಮಂಗಳೂರು ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸಿದರು. ಕೋಪ ಬಂದರೆ ಮಾತಿಗಿಂತ ಕೈ ಮುಂದೆ. ಪಂಪ್ ಕೆಡಿಸಿದ ಮೆಕ್ಯಾನಿಕ್‌ನ ಮೇಲೆ ಸ್ಪ್ಯಾನರ್ ಎಸೆದದ್ದನ್ನೂ ಬೇಲಿ ಕಿತ್ತವನ ಜೀಪಿನ ಗಾಜು ಒಡೆದದ್ದನ್ನೂ ನಾನು ಕಂಡಿದ್ದೇನೆ.

ಮಳೆಗೆ ಮೊದಲು ಬೋರ್ಡೋ ಹೊಡೆಯುವಾಗ ಮಾತ್ರ ಅವರಿಗೆ ಅವಸರವಿರಲಿಲ್ಲ. ಕಾಫಿಯ ಕೊಳೆರೋಗಕ್ಕೆ ತಾಮ್ರದ ಉಪ್ಪಾದ ಮೈಲುತುತ್ತದ ನೀರಿಗೆ ಸುಣ್ಣ ಬೆರೆಸಿ ಮಾಡುವ ಮದ್ದು ಅದು. ಬೆರೆಸಿದ ಮೇಲೆ ಹಳೆಯ ಕಬ್ಬಿಣದ ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ನೋಡುತ್ತಿದ್ದರು.

"ಹುಳಿ ಉಳಿದ್ರೆ ತಾಮ್ರ ನೀರಲ್ಲಿ ಕರಗಿಕೊಂಡೇ ಇರ್ತದೆ ಮಾರಾಯ, ಎಲೆ ಒಳಗೆ ಇಳಿದು ಸುಡ್ತದೆ. ಸುಣ್ಣ ಸಾಕಷ್ಟು ಬಿದ್ರೆ ಕರಗೂದಿಲ್ಲ, ಎಲೆ ಮೇಲೆ ಅಂಟಿ ಕೂತ್ಕೊಳ್ತದೆ. ಕತ್ತಿ ಕೆಂಪಾದ್ರೆ ಇನ್ನೂ ಸುಣ್ಣ ಹಾಕು" ಎಂದು ನನಗೊಮ್ಮೆ ವಿವರಿಸಿದ್ದರು.

ಒಂದು ವರ್ಷ ಆ ಹೊತ್ತಿಗೆ ಅವರು ನೆಂಟರ ಮದುವೆಗೆಂದು ಮಂಗಳೂರಿಗೆ ಹೋಗಿದ್ದರು. ಉಸ್ತುವಾರಿಗೆ ನಿಂತ ಮೈದುನ ಕತ್ತಿಯ ಬದಲು ಅಡುಗೆಮನೆಯ ಹೊಸ ಸ್ಟೀಲ್ ಚಾಕು ಅದ್ದಿದ. ಅದು ಹೊಳೆಯುತ್ತಲೇ ಹೊರಬಂತು. ಹೊಡೆಯಿರಿ ಎಂದ. ಕೆಲವೇ ದಿನಗಳಲ್ಲಿ ಇಳಿಜಾರಿನ ಗಿಡಗಳ ಎಲೆಯೆಲ್ಲ ಕಂದಿ ಉದುರತೊಡಗಿತು.

ಕೂಗು ಕೇಳಿ ನಾನು ಓಡಿದೆ. ಮದ್ದು ಕಲಸಿದ ಆಳನ್ನು ಕೂಲಿಗಳ ಲೈನ್ ಮನೆಯಿಂದ ಎಳೆತಂದು ಸ್ಟೋರಿನ ಕಂಬಕ್ಕೆ ಕಟ್ಟಿದ್ದರು. ಮೈದುನನ ಕೈಯಲ್ಲಿ ಸ್ಪ್ರೇಯರಿನ ಹಿತ್ತಾಳೆ ಕೊಳವೆ.

"ಸುಣ್ಣ ಯಾರಿಗೆ ಮಾರಿದ್ದಿ? ಹೇಳು!"

"ಮೂಟೆ ಪೂರ್ತಿ ಸುರ್ದಿವ್ನಿ ಕಣಣ್ಣೋ, ನೀವೇ ನಿಂತ್ಕಂಡು ನೋಡಿದ್ರಲ್ಲಾ!"

ಕೊಳವೆ ಅವನ ಮುಖಕ್ಕೆ ಬಿತ್ತು. ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯಿತು. ಬಿಡಿಸಲು ಹೋದ ನನ್ನನ್ನು ಮೈದುನನ ಡ್ರೈವರ್ ಕತ್ತು ಹಿಡಿದು ಗೋಡೆಗೆ ಒತ್ತಿದ. ಮತ್ತೆರಡು ಏಟು ಬಿದ್ದವು. ಆಳಿನ ತಲೆ ಜೋತುಬಿತ್ತು.

ಆಗಷ್ಟೇ ಮಂಗಳೂರಿನಿಂದ ಮರಳಿದ ಬಾಯಮ್ಮ ಜೀಪಿನಿಂದ ಇಳಿದವರೇ ನಡುವೆ ನುಗ್ಗಿದರು. ಮುಂದಿನ ಏಟು ಅವರ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮೈದುನ ಕೊಳವೆ ಕೆಳಗಿಳಿಸಿದ.

ಬಾಯಮ್ಮ ಬಲಗೈಯಿಂದ ಕಬ್ಬಿಣದ ಕತ್ತಿ ತೆಗೆದು, ಡ್ರಮ್ಮಿನ ತಳದಲ್ಲಿ ಉಳಿದಿದ್ದ ಮದ್ದಿನಲ್ಲಿ ಅದ್ದಿ ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ಡ್ರಮ್ಮಿನ ಪಕ್ಕದಲ್ಲೇ ಬಿದ್ದಿದ್ದ ಸ್ಟೀಲ್ ಚಾಕು ಅದ್ದಿದರು. ಹೊಳೆಯಿತು.

"ಸ್ಟೀಲಿಗೆ ತಾಮ್ರ ಹತ್ತೂದಿಲ್ಲ, ಹೆಡ್ಡ! ಸ್ಟೋರಿನ ಸುಣ್ಣ ನೋಡು, ತೇವ ಹಿಡಿದು ಸತ್ತಿದೆ, ಮೂಟೆ ಸುರಿದ್ರೂ ಹುಳಿ ಹೋಗೂದಿಲ್ಲ. ಇವನನ್ನು ಕೊಲ್ಲುತ್ತಿದ್ದಿ!"

"ಅತ್ತಿಗೆ, ನಂಗೆಂತ ಗೊತ್ತು..."

ಕತ್ತಿಯ ಹಿಡಿಯಿಂದ ಅವನ ಬಾಯಿಗೆ ಹೊಡೆದರು. ಹಲ್ಲು ಸಿಮೆಂಟ್ ನೆಲಕ್ಕೆ ಬಿತ್ತು. ಬಿದ್ದವನಿಗೆ ಇನ್ನೊಂದು ಹೊಡೆದರು. ಅದು ಬೇಕಿರಲಿಲ್ಲ.

ಸಕಲೇಶಪುರದ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿಸಿಕೊಳ್ಳುತ್ತ ನನ್ನನ್ನು ಕರೆದರು. "ನೀನು ಪೇಪರಿಗೆ ಸುದ್ದಿ ಕಳಿಸ್ತೀಯಲ್ಲ? ಅವ ಹೊಡೆದದ್ದು ಬರಿ. ನಾನು ಹೊಡೆದದ್ದೂ ಬರಿ. ಬಿದ್ದ ಮೇಲೆ ಹೊಡೆದದ್ದೂ."

ಬರೆದೆ. ಇಬ್ಬರ ಮೇಲೂ ಕೇಸಾಯಿತು. ಆಳಿನ ಒಂದು ಕಣ್ಣು ಹೋಯಿತು.

ಕಳೆದ ಮಳೆಗಾಲದಲ್ಲಿ ಬಾಯಮ್ಮ ಹೃದಯ ನಿಂತು ತೀರಿಕೊಂಡರು. ನಿಧನವಾರ್ತೆಯಲ್ಲಿ ಆ ಕೇಸನ್ನೂ ಒಂದು ಸಾಲಿನಲ್ಲಿ ಸೇರಿಸಿದೆ. ಚರ್ಚಿನ ಅಂಗಳದಲ್ಲಿ ಅವರ ನೆಂಟರು ನನ್ನನ್ನು ಮಾತಾಡಿಸಲಿಲ್ಲ. ಹಿಂದೆ ನಿಂತಿದ್ದ ಆಳು ಪಕ್ಕಕ್ಕೆ ಬಂದ.

"ಬರ್ದಿದ್ದು ಸರಿಯಾಗೈತೆ ಬುಡಿ" ಎಂದ. "ಅವಮ್ಮ ಅವತ್ತು ಅಡ್ಡ ಬರ್ದೇ ಇದ್ದಿದ್ರೆ ಪೇಪರ್ನಾಗೆ ನನ್ನ ಹೆಸ್ರು ಬಂದಿರೋದು. ಅದೂ ಕಳ್ಳ ಅಂತ."