ಡೈರಿಯ ಸರ್ವರ್ ತಾನಾಗಿ ಏಳತೊಡಗಿದ್ದು

ನಾನು ಹೆಂಗಸರೇ ನಡೆಸುವ ಒಂದು ಹಾಲಿನ ಸಂಘದ ಸೆಕ್ರೆಟರಿ. ಕಂದಿಕೆರೆಯಿಂದ ಸ್ವಲ್ಪ ಒಳಗೆ ನಮ್ಮೂರು. ಊರಲ್ಲಿ ಯಾರೂ ಅದನ್ನು ಸಂಘ ಎನ್ನುವುದಿಲ್ಲ, ಎಲ್ಲರ ಬಾಯಲ್ಲೂ ಡೈರಿ. ನಾನು ಬೀಕಾಂ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದಾಗ ಒಂದು ಹಳೆಯ ಕೊಬ್ಬರಿ ಕೋಣೆಯಲ್ಲಿ ಹಾಲು ಅಳೆಯುತ್ತಿದ್ದರು. ಈಗ ನಮ್ಮದೇ ಕಟ್ಟಡವಿದೆ. ಪಕ್ಕದ ಎರಡು ಹಟ್ಟಿಗಳಲ್ಲೂ ಹಾಲು ಹಿಡಿಯುವ ಜಾಗ ಮಾಡಿದ್ದೇವೆ. ಅಲ್ಲಿಯವರು ಮೊದಲು ಕ್ಯಾನು ಹೊತ್ತು ತೋಟಗಳ ನಡುವೆ ನಮ್ಮೂರಿಗೆ ನಡೆದು ಬರಬೇಕಿತ್ತು. ಇದರ ಬಗ್ಗೆ ನನಗೆ ಹೆಮ್ಮೆಯಿದೆ, ಅದನ್ನು ಮುಚ್ಚಿಟ್ಟುಕೊಳ್ಳುವುದೂ ಇಲ್ಲ.

ಮೂರೂ ಕಡೆಯ ವ್ಯವಹಾರ ನಿಂತಿರುವುದು ನಮ್ಮ ಒಳಕೋಣೆಯ ಒಂದು ಕಂಪ್ಯೂಟರಿನ ಮೇಲೆ. ಅದನ್ನು ಸರ್ವರ್ ಎಂದು ಕರೆಯಲು ಕಲಿಸಿದವರು ತಿಪಟೂರಿನ ಎಂಜಿನಿಯರ್. ಸುತ್ತಲಿನ ಹಲವು ಸಂಘಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಅವರೇ. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು ಎಂಬುದೆಲ್ಲ ಆ ಕಂಪ್ಯೂಟರಿನ ಡೇಟಾಬೇಸಿನಲ್ಲಿ ಸೇರುತ್ತದೆ. ಹಟ್ಟಿಗಳಲ್ಲಿ ಅಳೆದ ಹಾಲಿನ ವಿವರವೂ ನೆಟ್ಟಿನ ಮೂಲಕ ಅಲ್ಲಿಗೇ ಬರುತ್ತದೆ. ಡೇಟಾಬೇಸ್ ಓಡದಿದ್ದರೆ ಮೂರು ಕಡೆಯೂ ಹಾಲಿನ ಲೆಕ್ಕದ ಚೀಟಿ ಬರುವುದಿಲ್ಲ. ಚೀಟಿ ಬರದೆ ನಮ್ಮ ಹೆಂಗಸರು ಜಾಗ ಬಿಟ್ಟು ಕದಲುವುದಿಲ್ಲ.

ತೊಂದರೆ ಶುರುವಾದದ್ದು ಕಂಪ್ಯೂಟರಿನೊಳಗೆ ಜಾಗ ತುಂಬಿಹೋದ ಮೇಲೆ. ಎಂಜಿನಿಯರ್ ಬಂದು ಹೊರಗಿನಿಂದ ಒಂದು ಡಿಸ್ಕ್ ಸೇರಿಸಿದರು. ಕಪ್ಪು ಡಬ್ಬಿಯಂಥದ್ದು, ಅದಕ್ಕೆ ಬೇರೆಯದೇ ಪ್ಲಗ್ಗು. ಡೇಟಾಬೇಸಿನ ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿ, ಎಲ್ಲ ಸರಿಯಿದೆ ಎಂದು ತೋರಿಸಿ ಹೋದರು. ಸರಿಯಾಗಿಯೇ ಇತ್ತು, ರಾತ್ರಿ ದೊಡ್ಡ ಗಾಳಿಗೆ ಕರೆಂಟು ಹೋಗುವವರೆಗೆ.

ಯುಪಿಎಸ್ ಇತ್ತು. ಸ್ವಲ್ಪ ಹೊತ್ತು ಕರೆಂಟು ಹೋದರೆ ಅದರ ಬ್ಯಾಟರಿ ಸಾಕಾಗುತ್ತಿತ್ತು, ರಾತ್ರಿಯಿಡೀ ಹೋದರೆ ಆಗುತ್ತಿರಲಿಲ್ಲ. ಕರೆಂಟು ಬಂದ ಕೂಡಲೇ ಕಂಪ್ಯೂಟರು ತಾನೇ ಆನ್ ಆಗುವಂತೆ ಮೊದಲೇ ಮಾಡಿಸಿದ್ದೆವು. ಆ ಬೆಳಿಗ್ಗೆಯೂ ಅದು ಆನ್ ಆಗಿತ್ತು. ಡೇಟಾಬೇಸ್ ಮಾತ್ರ ಎದ್ದಿರಲಿಲ್ಲ. ಹಾಲು ಪರೀಕ್ಷೆ ಮಾಡುವಾಕೆ ಮನೆಗೆ ಫೋನು ಮಾಡಿದಳು.

"ಅಕ್ಕ, ಸಿಗ್ತಿಲ್ಲ ಅಂತ ಬತ್ತೈತೆ ಕಣಕ್ಕ. ಬೇಗ ಬಾ, ಲೈನು ರಸ್ತೆಗಂಟ ಹೋಗೈತೆ."

ನಾನು ಮುಖವನ್ನೂ ತೊಳೆಯದೆ ಹೋದೆ. ಒಳಗೆ ಹೋಗಿ ಡೇಟಾಬೇಸನ್ನು ಕೈಯಿಂದ ಸ್ಟಾರ್ಟ್ ಮಾಡಿದೆ. ಒಂದು ತಕರಾರೂ ಇಲ್ಲದೆ ಎದ್ದಿತು. ಅಷ್ಟರಲ್ಲಿ ಹಾಲಿನ ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು.

ಅಲ್ಲಿಂದ ಮುಂದೆ ಇದೇ ಕಥೆ. ರಾತ್ರಿ ಬಹಳ ಹೊತ್ತು ಕರೆಂಟು ಹೋದರೆ ಪ್ರತಿ ಸಲವೂ ಬೆಳಿಗ್ಗೆ ಅದು ಎದ್ದಿರುತ್ತಿರಲಿಲ್ಲ, ನಾನು ಹೋಗಿ ಎಬ್ಬಿಸಬೇಕು. ಅದರ ಪಾಸ್‌ವರ್ಡ್ ಸೆಕ್ರೆಟರಿಯ ಬಳಿ ಮಾತ್ರ ಇರಬೇಕೆಂದು ನಮ್ಮ ಸಮಿತಿಯೇ ತೀರ್ಮಾನಿಸಿತ್ತು. ಆ ತೀರ್ಮಾನ ಸರಿಯಾದದ್ದೇ. ಆದರೆ ಅದರಿಂದ ನಾನು ಊರು ಬಿಟ್ಟು ಒಂದು ರಾತ್ರಿ ಹೊರಗಿರುವಂತಿರಲಿಲ್ಲ. ಮಾಯಸಂದ್ರದಲ್ಲಿರುವ ತಾಯಿಮನೆಗೆ ಬೆಳಿಗ್ಗೆಯ ಹಾಲು ಮುಗಿಸಿ ಹೋದರೆ ಸಂಜೆಯ ಹಾಲಿಗೆ ವಾಪಸು. ಅಮ್ಮ ಮುನಿಸಿಕೊಂಡಿದ್ದಳು. ತಂಗಿಯ ಸೀಮಂತ ಬೇರೆ ಹತ್ತಿರ ಬರುತ್ತಿತ್ತು.

ಎಂಜಿನಿಯರಿಗೆ ಹೇಳಿದೆ. ಅವರು ತಮ್ಮ ಆಫೀಸಿನಲ್ಲಿ ಕೂತೇ ನಮ್ಮ ಕಂಪ್ಯೂಟರನ್ನು ನೋಡಬಲ್ಲರು. ಅಲ್ಲಿಂದಲೇ ರೀಸ್ಟಾರ್ಟ್ ಮಾಡಿದರು. ಡೇಟಾಬೇಸ್ ತಾನಾಗಿ ಎದ್ದಿತು. ಮತ್ತೊಮ್ಮೆ ಮಾಡಿದರು, ಆಗಲೂ ಎದ್ದಿತು.

"ಮೇಡಂ, ಎಲ್ಲ ಸರಿಯಾಗೇ ಇದೆಯಲ್ರೀ. ವೋಲ್ಟೇಜ್ ಏರುಪೇರಾಗಿ ಹಂಗಾಗಿರಬೋದು."

ಅವರು ನೋಡಿದಾಗಲೆಲ್ಲ ಸರಿಯಿರುತ್ತಿತ್ತು, ನಾನು ನೋಡಿದಾಗಲೆಲ್ಲ ಕೆಟ್ಟಿರುತ್ತಿತ್ತು. ಕೊನೆಗೆ ಅವರು, "ಮಷೀನೂ ಹಳೇದಾಯ್ತು, ಹೊಸದಕ್ಕೆ ಸಮಿತಿಯೋರ್ನ ಕೇಳಿ ನೋಡ್ರೀ" ಎಂದರು. ಅವರದು ಕಾಟಾಚಾರದ ಮಾತಲ್ಲ, ನಿಜವಾಗಿಯೂ ಬೇರೆ ಕಾರಣ ಸಿಕ್ಕಿರಲಿಲ್ಲ. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಕೆಟ್ಟ ಮಷೀನಾಗಿದ್ದರೆ ನಾನು ಕೈಯಿಂದ ಎಬ್ಬಿಸಿದಾಗ ಅಷ್ಟು ಸಲೀಸಾಗಿ ಯಾಕೆ ಏಳುತ್ತಿತ್ತು?

ಹಿಂದೊಮ್ಮೆ ಅವರು ನನಗೆ ಕಂಪ್ಯೂಟರು ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗವನ್ನು ತೋರಿಸಿದ್ದರು. ಒಂದು ದಿನ ಬೆಳಿಗ್ಗೆಯ ಲಾರಿ ಹೋದ ಮೇಲೆ ಕ್ಯಾನು ತೊಳೆಯುವವರನ್ನು ಅವರ ಕೆಲಸಕ್ಕೆ ಬಿಟ್ಟು, ಅದನ್ನು ತೆರೆದು ಕೂತೆ. ಇಂಗ್ಲಿಷು. ನಿಧಾನವಾಗಿ ಓದಿದೆ. ಕರೆಂಟು ಬಂದ ಸಮಯಕ್ಕೆ ಸರಿಯಾಗಿ ಕೆಂಪು ಗುರುತಿನ ಒಂದು ಸಾಲಿತ್ತು: ಫೈಲು ಸಿಗಲಿಲ್ಲ, ಡೇಟಾಬೇಸ್ ನಿಂತಿತು. ಅದಾದ ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು, ಇದಕ್ಕೆ ಕೆಂಪು ಗುರುತಿಲ್ಲ: ಹೊರಗಿನ ಡಿಸ್ಕ್ ಸಿಕ್ಕಿತು.

ಮತ್ತೆ ಮತ್ತೆ ಓದಿದೆ. ಡೇಟಾಬೇಸ್ ತನ್ನ ಫೈಲು ಹುಡುಕುವ ಹೊತ್ತಿಗೆ ಡಿಸ್ಕ್ ಇನ್ನೂ ತಯಾರಾಗಿಯೇ ಇರಲಿಲ್ಲ. ಹುಡುಕಿತು, ಸಿಗಲಿಲ್ಲ, ನಿಂತುಬಿಟ್ಟಿತು. ನಾನು ಮನೆಯಿಂದ ಓಡಿ ಬರುವಷ್ಟರಲ್ಲಿ ಡಿಸ್ಕ್ ತಯಾರಾಗಿರುತ್ತಿತ್ತು, ಅದಕ್ಕೇ ನನ್ನ ಕೈಗೆ ಅದು ಏಳುತ್ತಿತ್ತು.

ಹಾಗಾದರೆ ಎಂಜಿನಿಯರ್ ಮಾಡಿದಾಗ ಏಕೆ ಕೆಡಲಿಲ್ಲ? ಎದುರಿಗಿದ್ದ ಆ ಕಪ್ಪು ಡಬ್ಬಿಯನ್ನು ನೋಡುತ್ತಾ ಕೂತೆ. ಅದರ ದೀಪ ಉರಿಯುತ್ತಿತ್ತು. ಅದರ ಪ್ಲಗ್ಗು ಬೇರೆ. ಅವರು ರೀಸ್ಟಾರ್ಟ್ ಮಾಡಿದಾಗ ಕಂಪ್ಯೂಟರು ಮಾತ್ರ ಆರಿ ಹತ್ತುತ್ತಿತ್ತು, ಡಬ್ಬಿ ಆರುತ್ತಲೇ ಇರಲಿಲ್ಲ. ಕರೆಂಟು ಹೋದಾಗ ಎರಡೂ ಆರುತ್ತಿದ್ದವು.

ಪರೀಕ್ಷಿಸದೆ ಹೇಳಬಾರದು ಎನ್ನಿಸಿತು. ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಎರಡರ ಪ್ಲಗ್ಗೂ ಸೇರಿದ್ದ ಯುಪಿಎಸ್ಸಿನ ಗುಂಡಿಯನ್ನೇ ಆರಿಸಿದೆ. ಡಬ್ಬಿಯ ಗುಂಯ್ ಸದ್ದು ನಿಂತಿತು. ಮತ್ತೆ ಹಾಕಿದೆ. ಡೇಟಾಬೇಸ್ ಏಳಲಿಲ್ಲ. ಕೆಟ್ಟಿದ್ದನ್ನು ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಆಮೇಲೆ ಡಬ್ಬಿಯನ್ನು ಉರಿಯಲು ಬಿಟ್ಟು ಕಂಪ್ಯೂಟರನ್ನು ಮಾತ್ರ ಆರಿಸಿ ಹಚ್ಚಿದೆ. ಎದ್ದಿತು.

ಎಂಜಿನಿಯರಿಗೆ ಫೋನು ಮಾಡಿ, ಓದಿದ್ದನ್ನೂ ಮಾಡಿದ್ದನ್ನೂ ಹೇಳಿದೆ.

"ಪ್ಲಗ್ ಬೇರೆ ಅನ್ನೋದು ನಂಗೆ ಹೊಳೀಲೇ ಇಲ್ಲ ನೋಡ್ರೀ," ಎಂದರು. "ನಾನು ಇಲ್ಲಿ ಕೂತು ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ರೂ ಗೊತ್ತಾಗ್ತಿರಲಿಲ್ಲ. ಇರ್ರೀ ಮೇಡಂ, ಇದಕ್ಕೆ ದಾರಿ ಇದೆ."

ಆ ದಾರಿ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಡಿಸ್ಕ್ ಕಾಣುವವರೆಗೆ ಡೇಟಾಬೇಸ್ ಕಾಯಬೇಕು, ಅಕಸ್ಮಾತ್ ಎಡವಿದರೆ ಸ್ವಲ್ಪ ಬಿಟ್ಟು ತಾನೇ ಮತ್ತೆ ಪ್ರಯತ್ನಿಸಬೇಕು, ಹಾಗೆ ಬದಲಾಯಿಸಿದರು. ಒಂದೊಂದನ್ನೂ ನನಗೆ ತೋರಿಸುತ್ತಲೇ ಮಾಡಿದರು.

"ಈಗ ಪರೀಕ್ಷೆ ನೀವೇ ಮಾಡ್ಬೇಕು. ನಂಗೆ ಇಲ್ಲಿಂದ ಆಗಲ್ಲ," ಎಂದರು.

ಅಷ್ಟು ಹೊತ್ತಿಗೆ ನಮ್ಮ ಅಧ್ಯಕ್ಷೆ ಹಿಂಡಿ ಮೂಟೆಯ ವಿಚಾರ ಕೇಳಲು ಬಂದಿದ್ದರು. ಕೋಣೆಯೊಳಗೆ ಬಂದು ನನ್ನ ಹಿಂದೆಯೇ ನಿಂತರು. ನಾನು ಕಂಪ್ಯೂಟರು, ಡಬ್ಬಿ ಎರಡನ್ನೂ ಆರಿಸಿ ಹಚ್ಚಿದೆ. ಡಬ್ಬಿ ಸದ್ದು ಮಾಡಿತು. ಪರದೆ ಬೆಳಗಿತು. ಡೇಟಾಬೇಸ್ ಇನ್ನೂ ಎದ್ದಿರಲಿಲ್ಲ. ನಾನು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದೆ. ಮುಟ್ಟಬಾರದು ಎಂದು ಕೂರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಆಮೇಲೆ, ಯಾರೂ ಏನೂ ಮಾಡದೆ, ಅದು ಎದ್ದಿತು.

"ಏನಾಗಿತ್ತಮ್ಮ ಇದುಕ್ಕೆ?" ಎಂದರು ಅಧ್ಯಕ್ಷೆ. ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಅಂದ್ರೆ ಬೀಗ ತೆಗೆಯೋಕ್ ಮುಂಚೆ ಬಂದು, ಯಾರೂ ಇಲ್ಲ ಅಂತ ವಾಪಸ್ ಹೋಯ್ತಿತ್ತು ಅನ್ನು."

"ಹೂಂ. ಈಗ ಜಗಲಿ ಮೇಲೆ ಕೂತು ಕಾಯ್ತದೆ."

ಅವರು ನಕ್ಕರು. ಸಮಿತಿ ಸಭೆಯಲ್ಲಿ ಹೊಸ ಮಷೀನಿನ ಮಾತು ಬಂದಾಗ ಎಲ್ಲರ ಮುಂದೆ, "ಬುಡ್ರಮ್ಮ ಅದ್ನ, ನಮ್ ಸೆಕ್ರೆಟ್ರಿ ಸರಿ ಮಾಡವ್ಳೆ" ಎಂದರು. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ, ಆದರೆ ಆ ಮಾತು ಇನ್ನೊಂದು ಸಲ ಹೇಳಲಿ ಎಂದು ಒಳಗೊಳಗೇ ಆಸೆಯಾಗುತ್ತಿತ್ತು.

ಸೀಮಂತಕ್ಕೆ ಬಟ್ಟೆ ತುಂಬಿಕೊಂಡು ಹೊರಟೆ. ಹಸಿರು ಬಳೆ ತೊಟ್ಟು ಕೂತಿದ್ದ ತಂಗಿಗೆ ಆರತಿ ಎತ್ತಿದೆ, ಬಂದವರಿಗೆ ಬಡಿಸಿದೆ, ಸಂಜೆಯಾದರೂ ಬಸ್ಸಿನ ಹೊತ್ತು ನೋಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಎಚ್ಚರವಾದ ಕೂಡಲೇ ಕೈ ಫೋನಿಗೆ ಹೋಯಿತು. ಯಾರೂ ಫೋನು ಮಾಡಿರಲಿಲ್ಲ. ಹಾಲಿನ ಹೊತ್ತಾದರೂ ಕರೆ ಬರಲಿಲ್ಲ. ತಡೆಯಲಾಗದೆ ನಾನೇ ಮಾಡಿದೆ. ಪರೀಕ್ಷೆ ಮಾಡುವಾಕೆ ಎತ್ತಿದಳು. ಹಿಂದೆ ಕ್ಯಾನುಗಳ ಸದ್ದು.

"ಯಾಕಕ್ಕ?"

"ರಾತ್ರಿ ಕರೆಂಟ್ ಹೋಗಿತ್ತಾ?"

"ಹೋಗಿತ್ತು. ಬೆಳಗಿನ ಜಾವ ಬಂತು."

"ಕಂಪ್ಯೂಟ್ರು?"

"ಓಡ್ತೈತೆ. ಹಟ್ಟಿ ಹಾಲೂ ಬಂದೈತೆ. ಅಕ್ಕ, ಲೈನಾಗೆ ಜನ ಅವ್ರೆ, ಆಮೇಲೆ ಮಾತಾಡಾನ," ಎಂದು ಇಟ್ಟುಬಿಟ್ಟಳು.

ನಾನಿಲ್ಲದೆ ಎಲ್ಲ ನಡೆಯುತ್ತಿತ್ತು. ಹಾಗೆ ನಡೆಯುವಂತೆ ಮಾಡಿದವಳು ನಾನು. ಅಡುಗೆಮನೆಗೆ ಹೋದೆ. ಅಮ್ಮ ಒಲೆಯ ಮುಂದೆ ಕಾಫಿ ಸೋಸುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು:

"ಎಷ್ಟೊತ್ತಿನ ಬಸ್ಸೇ?"

"ಇವತ್ತು ಹೋಗಲ್ಲ ಕಣಮ್ಮ," ಎಂದೆ.

ಅಮ್ಮ ಮೇಲಿನ ಶೆಲ್ಫಿನಿಂದ ದೊಡ್ಡ ಲೋಟ ಇಳಿಸಿ, ಕಾಫಿಯನ್ನು ಅದಕ್ಕೆ ಬಗ್ಗಿಸಿದಳು.