ಮೂಕಮ್ಮನ ಚಕಮಕಿ ಕೋವಿ

ಹುಂಚದ ಒಳದಾರಿಯಲ್ಲಿರುವ ನಮ್ಮೂರಿನಲ್ಲಿ ಕೋವಿ ಲೈಸೆನ್ಸ್ ಇರುವ ಹೆಂಗಸು ಮೂಕಮ್ಮ ಒಬ್ಬಳೇ. ಗಂಡ ಪುಟ್ಟಪ್ಪ ತೀರಿಕೊಂಡಾಗ, ಇನ್ನು ಕೋವಿ ಯಾಕೆ, ಒಪ್ಪಿಸಿಬಿಡಿ ಎಂದು ಹೊಸನಗರದ ಕಚೇರಿಯಲ್ಲಿ ಹೇಳಿದರಂತೆ. ಗದ್ದೆಗೆ ಇಳಿಯುವ ಹಂದಿ ಯಜಮಾನ ಇದ್ದಾನೋ ಸತ್ತಿದ್ದಾನೋ ವಿಚಾರಿಸಿಕೊಂಡು ಬರುತ್ತದೆಯೇ ಎಂದು ಕೇಳಿದಳು ಮೂಕಮ್ಮ. ಎಷ್ಟೋ ಸಲ ಬಸ್ಸು ಹತ್ತಿಳಿದು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡೇ ಬಂದಳು.

ಅದು ಅಂಗಡಿಯ ಮಾಲಲ್ಲ. ಗೇಣಿಯ ಕಾಲದಲ್ಲಿ ಹಂದಿ ಬಂತೆಂದರೆ ಒಡೆಯರ ಮನೆಗೆ ಓಡಿ ಕೋವಿ ಬೇಡಬೇಕಿತ್ತು. ಅವರು ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಗದ್ದೆ ಮಗುಚಿಹೋಗಿರುತ್ತಿತ್ತು. ಜಮೀನು ತಮ್ಮ ಹೆಸರಿಗಾದ ಮೇಲೆ ಮೂಕಮ್ಮನ ಮಾವ ಮೊದಲು ಮಾಡಿದ ಕೆಲಸ ಆನಂದಪುರದ ಆಚಾರಿಯೊಬ್ಬರಲ್ಲಿ ಕೋವಿ ಮಾಡಲು ಹೇಳಿದ್ದು. ಮದ್ದನ್ನು ನಳಿಗೆಯ ಮುಂದಿನಿಂದ ತುಂಬಬೇಕು. ಕುದುರೆ ಎನ್ನುವ ಉಕ್ಕಿನ ಕೊಕ್ಕೆ ಬಿಟ್ಟರೆ ಅದು ಕಚ್ಚಿಕೊಂಡಿರುವ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ ಮದ್ದು ಹತ್ತುತ್ತದೆ. ಬೇರೆ ಕೋವಿಗಳಿಗೆ ಬೇಕಾಗುವ ಸಿಡಿಯುವ ಕೇಪು ಪೇಟೆಯಲ್ಲಿ ಸಿಗದಿದ್ದರೂ ಕಲ್ಲು ಹೊಳೆಯಲ್ಲಿ ಸಿಗುತ್ತದೆ ಎಂದು ಮಾವನೇ ಹೀಗೆ ಮಾಡಿಸಿದ್ದ. ಬೀಟೆ ಮರದ ಹಿಡಿಯ ಮೇಲೆ ಆಚಾರಿ ಹಿಂದಕ್ಕೆ ತಿರುಗಿ ನೋಡುವ ಒಂದು ಮೊಲ ಕೆತ್ತಿದ್ದರು.

ತೀರ್ಥಹಳ್ಳಿಯ ಹತ್ತಿರ ರೆಸಾರ್ಟ್ ನಡೆಸುವ ಸುರೇಂದ್ರ ಈ ಕೋವಿಯ ಸುದ್ದಿ ಕೇಳಿ ಕಾರಿನಲ್ಲಿ ಬಂದ. ಇಂಥ ಕೈಕೆಲಸ ಈಗ ಎಲ್ಲೂ ಇಲ್ಲ, ಗೋಡೆಗೆ ಹಾಕಿದರೆ ನೋಡಿದವರು ನಿಂತುಬಿಡುತ್ತಾರೆ, ಕೇಳಿದ ಬೆಲೆ ಕೊಡುತ್ತೇನೆ ಎಂದ. ಮಾರುವ ಸಾಮಾನಲ್ಲ ಎಂದು ಮೂಕಮ್ಮ ಚಹಾ ಕೊಟ್ಟು ಕಳಿಸಿದಳು.

ಆ ಬೇಸಿಗೆಯಲ್ಲಿ ಚುನಾವಣೆ ಬಂತು. ಅದು ಮುಗಿಯುವವರೆಗೆ ಎಲ್ಲರೂ ಕೋವಿ ಒಪ್ಪಿಸಬೇಕೆಂದು ಆದೇಶವಾಯಿತು. ಯಾರನ್ನು ಹೆದರಿಸಲು ಹೊರಟಿದ್ದೀನಿ ಎಂದು ಬೈದುಕೊಳ್ಳುತ್ತಲೇ ಅವಳು ಸಾಗರದಲ್ಲಿ ಪರವಾನಗಿ ಇರುವ ಒಂದು ಕೋವಿ ಅಂಗಡಿಯಲ್ಲಿ ಕೋವಿ ಇಟ್ಟು ಬಂದಳು. ಅಂಗಡಿಯವನು ದುರ್ಗೇಶ್.

ಮತ ಎಣಿಕೆ ಮುಗಿದು ಬಿಡಿಸಿಕೊಳ್ಳಲು ಹೋದರೆ ದುರ್ಗೇಶ್ ಮೇಜಿನ ಮೇಲಿಟ್ಟದ್ದು ಬೇರೆಯದೇ ಕೋವಿ. ಮಾವಿನ ಹಲಗೆಯ ಹಿಡಿ, ಕೇಪಿನ ಕುದುರೆ, ಮೇಲೆ ಹಸಿ ವಾರ್ನಿಶ್ ವಾಸನೆ. ನಳಿಗೆ ಮಾತ್ರ ಅವಳದು. ಅವನು ನಳಿಗೆಯ ಮೇಲಿನ ನಂಬರ್ ತೋರಿಸಿದ. ಹಿಡಿಗೆ ಹುಳ ಹತ್ತಿತ್ತು, ಪಾಪ ಎಂದು ಹೊಸದು ಹಾಕಿಸಿದೆ, ದುಡ್ಡೂ ಬೇಡ ಎಂದ. ಹುಳ ಹಿಡಿದ ಹಿಡಿ ಎಲ್ಲಿ ಎಂದರೆ ಒಲೆಗೆ ಹಾಕಿದೆ ಎಂದ. ಬೀಟೆಗೆ ಹುಳ ಹತ್ತುವುದಿಲ್ಲ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಮೂಕಮ್ಮ ಅಂಗಡಿ ಅದುರುವಂತೆ ಕೂಗಾಡಿದಳು. ಆ ಕೋವಿ ಹಿಡಿದುಕೊಂಡು ಅಲ್ಲಿಂದ ನೇರ ಠಾಣೆಗೆ ಹೋದರೆ ಅವರೂ ನಂಬರ್ ಓದಿ, ಸರಿಯಾಗಿದೆಯಲ್ಲಮ್ಮ ಎಂದರು.

ಮನೆಗೆ ಬಂದವಳು ಉಣ್ಣಲಿಲ್ಲ. ಕೋವಿ ಕೇಳಿಕೊಂಡು ಬಂದಿದ್ದವನು ಒಬ್ಬನೇ. ಮಗಳು ವರದಾ ಫೋನಿನಲ್ಲಿ ಸುರೇಂದ್ರನ ರೆಸಾರ್ಟಿನ ಫೋಟೋಗಳನ್ನು ಹುಡುಕಿದಳು. ಊಟದ ಕೋಣೆಯ ಗೋಡೆಯಲ್ಲಿ, ಎರಡು ಕಂಚಿನ ದೀಪಗಳ ನಡುವೆ, ಮೊಲ ಕುಳಿತಿತ್ತು.

ಬೆಳಿಗ್ಗೆ ತಾಯಿ ಮಗಳು ತೀರ್ಥಹಳ್ಳಿಗೆ ಬಸ್ಸು ಹತ್ತಿದರು. ಊಟದ ಕೋಣೆಯಲ್ಲಿ ಪ್ರವಾಸಿಗರು ನೀರುದೋಸೆ ತಿನ್ನುತ್ತಿದ್ದರು. ಮೂಕಮ್ಮ ಯಾರನ್ನೂ ಕೇಳದೆ ಒಂದು ಕುರ್ಚಿ ಎಳೆದು ಗೋಡೆಯ ಬುಡಕ್ಕೆ ಹಾಕಿದಳು. ಸುರೇಂದ್ರ ಓಡಿ ಬಂದ. ದುರ್ಗೇಶನಿಗೆ ದುಡ್ಡು ಕೊಟ್ಟು ಕೊಂಡಿದ್ದೇನೆ, ನಳಿಗೆಯ ಜಾಗದಲ್ಲಿರುವುದು ಬರೀ ನಲ್ಲಿ ಪೈಪು, ಇದಕ್ಕೆ ಲೈಸೆನ್ಸ್ ಬೇಕಿಲ್ಲ, ಇದು ಅಲಂಕಾರದ ಸಾಮಾನು ಎಂದ.

"ನಿಂಗೆ ಮಾರಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದ್ದೆ," ಎಂದಳು ಮೂಕಮ್ಮ. "ಅದು ನಿಂಗೆ ಕೇಳಿತ್ತು."

ಅವನು ದನಿ ತಗ್ಗಿಸಿ, ಬೇಕಾದರೆ ನಿಮಗೂ ಬೇರೆ ದುಡ್ಡು ಕೊಡುತ್ತೇನೆ, ಜನರೆದುರು ಬೇಡ ಎಂದ.

"ಜನ್ರೆದುರೇ ತೂಗು ಹಾಕಿದ್ಯಲ್ಲ ಮಾರಾಯ. ಪೊಲೀಸ್ರಿಗೆ ಫೋನ್ ಮಾಡು. ಮೂಕಮ್ಮ ಕದಿಯಕ್ಕೆ ಬಂದಿದಾಳೆ ಅನ್ನು. ಅವ್ರು ಬರೋವರೆಗೂ ಇಲ್ಲೇ ನಿಂತಿರ್ತೀನಿ."

ಅವನು ಫೋನ್ ಮಾಡಲಿಲ್ಲ. ತಿನ್ನುವವರ ಕೈ ನಿಂತಿತ್ತು. ಮೂಕಮ್ಮ ಕುರ್ಚಿ ಹತ್ತಿ ಎರಡು ಕೈಯಿಂದ ಹಿಡಿದು ಎಳೆದಳು. ಅದು ಬರಲಿಲ್ಲ. ನೋಡಿದರೆ ಹಿಡಿಯನ್ನು ಕೊರೆದು, ಒಂದು ಸ್ಕ್ರೂ ಮೊಲದ ಬೆನ್ನಿನಲ್ಲೇ ಹಾಯಿಸಿ, ಗೋಡೆಗೆ ಬಿಗಿದಿದ್ದರು. ಅಲ್ಲಿಯವರೆಗೆ ಅವಳ ಸಿಟ್ಟು ಕಳ್ಳತನದ ಮೇಲಿತ್ತು. ಆ ತೂತು ಕಂಡ ಮೇಲೆ ಅವಳು ಎಳೆಯುವುದನ್ನು ಬಿಟ್ಟು ಕುರ್ಚಿಯಿಂದ ಇಳಿದಳು. ಸ್ಕ್ರೂಡ್ರೈವರ್ ತರಲು ಹೇಳಿ, ಸುರೇಂದ್ರನ ಕೈಯಲ್ಲೇ ಬಿಚ್ಚಿಸಿದಳು.

ಮಾರನೇ ದಿನ ಅದನ್ನೂ ದುರ್ಗೇಶ್ ಕೊಟ್ಟಿದ್ದ ಕೋವಿಯನ್ನೂ ಹಳೇ ಸೀರೆಯಲ್ಲಿ ಸುತ್ತಿಕೊಂಡು ಸಾಗರಕ್ಕೆ ಹೋದಳು. ದುರ್ಗೇಶ್ ಕಪಾಟಿನ ಹಿಂದೆ ಸರಿದ. ಅವಳು ಅಂಗಡಿಯ ಬಾಗಿಲಿಗೆ ಅಡ್ಡ ಕೂತಳು. ಬಂದ ಗಿರಾಕಿಗಳಿಗೆಲ್ಲ, ಇಲ್ಲಿ ಇಟ್ಟ ಕೋವಿಯ ಮೈ ಬದಲಾಗುತ್ತದೆ, ಒಂದು ಸಲ ನೋಡಿಕೊಳ್ಳಿ ಎಂದು ಹೇಳಿದಳು. ಒಬ್ಬಿಬ್ಬರು ತಮ್ಮದನ್ನು ಹೊರಗೆ ತರಿಸಿ ನೋಡಿದರು. ಮಧ್ಯಾಹ್ನದೊಳಗೆ ದುರ್ಗೇಶ್ ಕರೆಸಿದ ಕೋವಿ ಮೇಸ್ತ್ರಿ ಬಂದು ಹಳೇ ಹಿಡಿ, ಹಳೇ ಕುದುರೆ, ನಳಿಗೆ ಎಲ್ಲ ಕೂಡಿಸಿಕೊಟ್ಟ. ತೂತುಗಳಿಗೆ ಮೇಣ ತುಂಬಿ ಬಣ್ಣ ಹಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದ.

"ಗೊತ್ತಾಗ್ಬೇಕು," ಎಂದಳು ಮೂಕಮ್ಮ. "ಹಂಗೇ ಬಿಡು."

ದುರ್ಗೇಶ್ ಕೈಮುಗಿದು, ತಪ್ಪಾಯಿತು, ದೂರು ಕೊಡಬೇಡಿ ಅಕ್ಕ ಎಂದ. ಅವಳು ಕೊಟ್ಟಳು. ಈ ಸಲ ಗೋಡೆಯ ಫೋಟೋವನ್ನೂ ಇಟ್ಟಳು. ವಿಚಾರಣೆ ಇನ್ನೂ ನಡೆಯುತ್ತಿದೆ, ಅಂಗಡಿಯೂ ನಡೆಯುತ್ತಿದೆ. ಸುರೇಂದ್ರ ಊರಿನವರ ಮೂಲಕ ಮಾತು ಮುಗಿಸೋಣ ಎಂದು ಹೇಳಿಕಳಿಸಿದ. ಹೇಳಲು ಬಂದವರಿಗೆ ಮೂಕಮ್ಮ ಕೂರಲೂ ಹೇಳಲಿಲ್ಲ.

ಕೋವಿ ಈಗಲೂ ಕಿಡಿ ಹಾರಿಸುತ್ತದೆ. ಮೊನ್ನೆ ಸಂಜೆ ಗೆಣಸು ನೆಟ್ಟ ಓಳಿಯ ಹತ್ತಿರ ಹಂದಿ ಬೆದರಿಸಲು ಗಾಳಿಗೆ ಒಂದು ಈಡು ಹಾರಿಸಿದ್ದು ನಮ್ಮ ಮನೆಗೂ ಕೇಳಿಸಿತು. ಮನೆಗೆ ಬಂದವರು ಯಾರಾದರೂ ಈ ತೂತು ಎಂಥದ್ದು ಎಂದು ಬೆರಳಿಟ್ಟು ಕೇಳಿದರೆ, ಅವಳು ಇಬ್ಬರ ಹೆಸರನ್ನೂ, ಅವರ ಊರನ್ನೂ ಸೇರಿಸಿ, ಗಟ್ಟಿಯಾಗಿ ಹೇಳುತ್ತಾಳೆ.