ಅರವತ್ತನೆಯ ಬಿಲ್ಲೆ

ನಾಣ್ಯದಂಗಡಿಯ ಅಜ್ಜನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹಳೆಯ ನಾಣ್ಯಗಳನ್ನು ಐವತ್ತು ವರ್ಷ ಉಜ್ಜಿ ಉಜ್ಜಿ ಅದು ಹೊಳೆಕಲ್ಲಿನಂತೆ ನುಣುಪಾಗಿತ್ತು. ಬೆರಳಚ್ಚು ತೆಗೆಯುವ ಯಂತ್ರ ಅದನ್ನು ಒಪ್ಪಲಿಲ್ಲವೆಂದು ಅವರೇ ನನ್ನನ್ನು ಮಗಳೆಂದು ಕರೆದು ಹೇಳಿ ನಗುತ್ತಿದ್ದರು: ‘ಸರ್ಕಾರದ ಲೆಕ್ಕದಾಗ ನಾ ಇಲ್ಲವೇ ಇಲ್ಲ, ಬಿಟಿಯಾ.’

ಕಾಶಿಯ ಗೋದೌಲಿಯಾದ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಅವರ ತಾತ ಕಲಬುರಗಿ ಕಡೆಯಿಂದ ಮಠದ ಸ್ವಾಮಿಗಳ ಜೊತೆ ಬಂದು ಕಾಶಿಯಲ್ಲೇ ನಿಂತವರು. ನನ್ನ ತಂದೆ ಬ್ಯಾಂಕಿನ ವರ್ಗಾವಣೆಯಲ್ಲಿ ದಾವಣಗೆರೆಯಿಂದ ಬಂದವರು. ನಾನು ನಾಣ್ಯ ಕೂಡಿಸುವವಳಲ್ಲ. ನಾಣ್ಯದಂಗಡಿಯವರು ಜಾಹೀರಾತಿಗೆಂದು ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚುವ ಬಿಲ್ಲೆಗಳನ್ನು ಕೂಡಿಸುತ್ತೇನೆ. ಸಿಕ್ಕ ದಿನ, ಕೊಟ್ಟವರು, ತೂಕ, ಎಲ್ಲ ಡೈರಿಯಲ್ಲಿರುತ್ತದೆ. ಆಗ ನನ್ನ ಬಳಿ ನಲವತ್ತೊಂದು ಬಗೆಯವು ಇದ್ದವು.

‘ಅಜ್ಜ, ನಿಮ್ಮಂಗಡಿದೂ ಒಂದು ಕೊಡಿ,’ ಎಂದು ನಾನು ಕೇಳಿದ್ದು ಶ್ರಾವಣದ ಮೊದಲ ಸೋಮವಾರ.

‘ಕೊಡೂದಿಲ್ಲ. ಕೊಟ್ಟಿದ್ದನ್ನೇ ವಾಪಸ್ ತಗೊಳ್ಳಾಕತ್ತೀನಿ.’

ಮಗ ಅಂಗಡಿಗೆ ಸೇರಿದ ವರ್ಷ ಅವರು ಅರವತ್ತು ಹಿತ್ತಾಳೆ ಬಿಲ್ಲೆ ಮಾಡಿಸಿದ್ದರು. ಒಂದು ಮುಖದಲ್ಲಿ ನಂದಿ, ಇನ್ನೊಂದರಲ್ಲಿ ಅಪ್ಪ ಮಗ ಇಬ್ಬರ ಹೆಸರು. ಹಂಚಿ ಮುಗಿಯುವ ಹೊತ್ತಿಗೆ ಮಗ ಜ್ವರದಲ್ಲಿ ತೀರಿಕೊಂಡ. ಆಮೇಲೂ ಬಿಲ್ಲೆ ಹಿಡಿದು ಬಂದವರೆಲ್ಲ ‘ಮಗ ಎಲ್ಲಿ, ಕಾಣ್ತಿಲ್ಲ?’ ಎಂದು ಕೇಳುತ್ತಿದ್ದರು.

‘ಕಾಶಿಯಾಗ ಸತ್ತವರಿಗೆ ಮುಕ್ತಿ ಅಂತಾರ,’ ಎಂದರು ಅಜ್ಜ. ‘ನನ್ನ ಮಗ ಮಾತ್ರ ಇನ್ನೂ ಬಜಾರದಾಗ ಕೈಯಿಂದ ಕೈಗೆ ತಿರುಗಾಕತ್ತಾನ. ಅರವತ್ತೂ ಬರಲಿ, ಕರಗಿಸಿಬಿಡ್ತೀನಿ.’

ಪಟ್ಟಿ ಇಡುವ ಕೆಲಸ ನನಗೆ ಬಂತು. ‘ಬ್ಯಾಂಕಿನವರ ಮಗಳು. ಎಣಿಸೋ ಚಟ ರಕ್ತದಾಗ ಐತಿ,’ ಎಂದು ಅಜ್ಜಿ ಒಳಗಿನಿಂದ ಛೇಡಿಸಿದರು. ಅಜ್ಜ ಯಾರು ಯಾರಿಗೆ ಕೊಟ್ಟಿದ್ದೆಂದು ನೆನಪಿನಿಂದ ಹೇಳುವರು, ನಾನು ಫೋನು ಮಾಡುವೆ, ಕಾಗದ ಬರೆಯುವೆ. ಕಾರ್ತಿಕ ಮುಗಿಯುವಾಗ ಐವತ್ತೊಂಬತ್ತು ಬಂದಿದ್ದವು. ಉಳಿದ ಒಂದನ್ನು ಬೀದರ್ ಕಡೆಯ ಯಾತ್ರಿಕಳೊಬ್ಬಳಿಗೆ ಕೊಟ್ಟಿದ್ದರು. ಯಾತ್ರಿಕರು ಬಿಲ್ಲೆಯನ್ನೂ ನಾಣ್ಯವೆಂದೇ ತಿಳಿದು ಗಂಗೆಗೆ ಹಾಕಿಬಿಡುತ್ತಾರೆ. ಹಾಗೆ ಹೋದ ನಾಲ್ಕನ್ನು, ನೀರಿನಲ್ಲಿ ಮುಳುಗಿ ಕಾಸು ಹೆಕ್ಕುವ ದೋಣಿಯ ಮಲ್ಲಾಹನೊಬ್ಬ ತಂದುಕೊಟ್ಟಿದ್ದ. ಇದೂ ಅಲ್ಲೇ ಇದೆಯೆಂದು ಅಜ್ಜ ನಂಬಿದರು.

ಅದು ಅಲ್ಲಿರಲಿಲ್ಲ. ಮಾರ್ಗಶಿರದ ಒಂದು ಭಾನುವಾರ, ಕಂಟೋನ್ಮೆಂಟಿನಲ್ಲಿ ನನ್ನಂತೆಯೇ ಬಿಲ್ಲೆ ಕೂಡಿಸುವ ರೈಲ್ವೆ ನೌಕರರೊಬ್ಬರ ಡಬ್ಬಿಯಲ್ಲಿ ಆ ನಂದಿ ಕಂಡಿತು. ನಿಲ್ದಾಣದ ಚಹಾದವನು ಚಿಲ್ಲರೆಯಲ್ಲಿ ಬಂದದ್ದೆಂದು ಅವರಿಗೆ ಕೊಟ್ಟಿದ್ದನಂತೆ. ನನ್ನಲ್ಲಿ ಜೋಡಿಯಿದ್ದ ಎರಡು ಬಿಲ್ಲೆ ಕೊಟ್ಟು ಅದನ್ನು ತಂದೆ. ಡೈರಿಯಲ್ಲಿ ನಲವತ್ತೆರಡು ಎಂದು ಬರೆದೆ. ಮರುದಿನವೇ ಅಜ್ಜನಿಗೆ ಕೊಡಬೇಕೆಂದಿದ್ದೆ. ಕೊಟ್ಟರೆ ಕರಗಿಹೋಗುತ್ತದೆ, ಜಗತ್ತಿನಲ್ಲಿ ಇಂಥದು ಮತ್ತೊಂದಿರುವುದಿಲ್ಲ. ಇನ್ನೊಂದು ದಿನ ಇರಲಿ ಎಂದುಕೊಂಡೆ. ಹಾಗೇ ದಿನಗಳು ಹೋದವು.

ಪುಷ್ಯದ ಚಳಿ ಬಂತು. ಬೆಳಿಗ್ಗೆ ಆರಕ್ಕೆಲ್ಲ ಅಜ್ಜ ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಮಲ್ಲಾಹ ನೀರಿನಿಂದ ತಲೆ ಎತ್ತಿದಾಗಲೆಲ್ಲ ಸಿಕ್ಕಿತೇ ಎಂದು ಕುತ್ತಿಗೆ ಚಾಚುತ್ತಿದ್ದರು.

‘ಮಿಲಾ?’

‘ನಹೀಂ ಬಾಬೂಜಿ. ಕಲ್ ಫಿರ್ ದೇಖೇಂಗೇ,’ ಎಂದು ಅವನು ನಾಳೆಗೆ ಮುಂದೂಡುತ್ತಿದ್ದ.

‘ಬರ್ಕೋ ಬಿಟಿಯಾ,’ ಎಂದು ಅಜ್ಜ ನನ್ನ ಕಡೆ ತಿರುಗುತ್ತಿದ್ದರು. ‘ಇವತ್ತೂ ಸಿಗಲಿಲ್ಲ’ ಎಂದು ನಾನು ಬರೆಯುತ್ತಿದ್ದೆ. ಆ ಸಾಲು ನನ್ನ ಕೈಬರಹದಲ್ಲಿ ಇಪ್ಪತ್ಮೂರು ಸಲ ಇದೆ.

ಇಪ್ಪತ್ನಾಲ್ಕನೆಯ ಬೆಳಿಗ್ಗೆ ಅವರು ಬರಲಿಲ್ಲ. ಎದೆಯಲ್ಲಿ ಕಫ ಕಟ್ಟಿತ್ತು. ನೋಡಲು ಹೋದಾಗ ಬಿಲ್ಲೆ ನನ್ನ ಸ್ವೆಟರಿನ ಜೇಬಿನಲ್ಲಿತ್ತು. ಕೋಣೆಯ ತುಂಬ ಜನ. ‘ಒಂದ ಬಾಕಿ, ಅಲ್ಲೇನು?’ ಎಂದರು. ಹೌದಜ್ಜ ಎಂದೆ. ಅಂದು ಸಂಜೆ ಹೋಗಿಬಿಟ್ಟರು.

ಹನ್ನೊಂದನೆಯ ದಿನ ಅಜ್ಜಿ ಕರಗಿಸುವವನಿಗೆ ಕೊಡಲೆಂದು ಬಿಲ್ಲೆಗಳ ಗಂಟು ತೆಗೆದರು. ಅರವತ್ತನೆಯದನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ಮಲ್ಲಾಹ ತಂದನೇನು?’

ಹೌದೆಂದು ತಲೆಯಾಡಿಸಿದೆ.

‘ಹದಿನೈದು ದಿನ ಮೊದಲ ಸಿಕ್ಕಿದ್ರ,’ ಎಂದಷ್ಟೇ ಹೇಳಿ, ಅಜ್ಜನ ಕಂದು ಶಾಲನ್ನು ಮಡಿಸಿ ಮಲ್ಲಾಹನಿಗೆ ಕಳಿಸಿದರು.

ಮಾರನೆಯ ದಿನ ಅವನು ನನ್ನನ್ನು ಘಾಟಿನಲ್ಲಿ ತಡೆದ. ‘ಬಿಟಿಯಾ, ಹಮ್‌ಕೋ ತೋ ಮಿಲಾ ನಹೀಂ,’ ಬಿಲ್ಲೆ ತನಗೆ ಸಿಕ್ಕೇ ಇಲ್ಲ ಎಂದ.

‘ಪತಾ ಹೈ, ಭೈಯಾ,’ ಗೊತ್ತು ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಶಾಲನ್ನು ಹಿಂದಿರುಗಿಸಲಿಲ್ಲ.

ಈಗಲೂ ಮಂಜಿನ ಬೆಳಗುಗಳಲ್ಲಿ ಅದನ್ನು ಹೊದ್ದು ಅವನು ಅಜ್ಜ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಮೇಲಿನಿಂದ ಇಳಿಯುವವಳಿಗೆ ಬೆನ್ನು ಮಾತ್ರ ಕಾಣುತ್ತದೆ. ಅವನು ತಿರುಗಿ ತನ್ನ ಮುಖ ತೋರಿಸುವವರೆಗೂ ನಾನು ಮುಂದಿನ ಮೆಟ್ಟಿಲು ಇಳಿಯಲಾರೆ.